ತರಬೇತಿ ಪಾಠಕ್ಕೆ ಶಾಲೆಯೋ, ಬಯಲೋ?

ಶಿಕ್ಷಕ ತರಬೇತಿಯಲ್ಲಿ ಇರುವವರು ಪಾಠ ಮಾಡಿ ಅಭ್ಯಾಸ ಮಾಡಲು ಹೆಚ್ಚಾಗಿ ಮಾಮೂಲಿ ಶಾಲೆಯನ್ನೇ ಆರಿಸುತ್ತಾರೆ. ತಪ್ಪೇನಿಲ್ಲ. ಪಾಠ ಯೋಜನೆ, ಬೋರ್ಡ್ ಬಳಕೆ, ಉತ್ತರಪತ್ರಿಕೆ ತಿದ್ದುವುದು ಅಲ್ಲೇ ಚೆನ್ನಾಗಿ ರೂಢಿಯಾಗುತ್ತದೆ.

ಶಾಲೆ ಬಿಟ್ಟ ಅಥವಾ ಬಿಡುವ ಹಂತದಲ್ಲಿರುವ ಹದಿಹರೆಯದವರ ಹೊರಾಂಗಣ ಕಲಿಕಾ ಕೇಂದ್ರದ ಕಥೆಯೇ ಬೇರೆ. ಚಾರಣ, ದೋಣಿ, ಬಂಡೆ ಹತ್ತುವುದು ಅಂದ ತಕ್ಷಣ ಪಿಕ್‌ನಿಕ್ ಅಂದುಕೊಳ್ಳಬೇಡಿ. ಶಿಕ್ಷಣತಜ್ಞ ಕರ್ಟ್ ಹಾನ್ 1941ರಲ್ಲಿ ವೇಲ್ಸ್‌ನಲ್ಲಿ ಶುರುಮಾಡಿದ ಔಟ್‌ವರ್ಡ್ ಬೌಂಡ್ ಎಂಬ ಹೊರಾಂಗಣ ಕಲಿಕೆಯ ಸಂಸ್ಥೆ ಈ ದಾರಿಯ ಹಳೆಯ ಹೆಸರು. ಇಲ್ಲಿ ಪಾಠ ಕೆಲಸದೊಳಗೇ ಅಡಗಿರುತ್ತದೆ. 1:25,000 ನಕ್ಷೆಯಲ್ಲಿ 4 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಅನುಪಾತ ಅಂದರೆ ಮುಖ ತಿರುಗಿಸುವ ಹುಡುಗ, ಊಟದ ಜಾಗ ಇನ್ನೆಷ್ಟು ದೂರ ಅಂತ ತಾನೇ ಸ್ಕೇಲ್ ಇಟ್ಟು ಅಳೆಯುತ್ತಾನೆ! ಸಂಜೆ ಎಲ್ಲರೂ ಕೂತು ಹಗಲು ಏನಾಯ್ತು ಅಂತ ಮಾತಾಡುತ್ತಾರೆ. ಆಗ ಸುಮ್ನೆ ಕೇಳಿಸಿಕೊಳ್ಳಬೇಕು. ಮಾತಾಡಿಯೇ ಅಭ್ಯಾಸವಾದ ನಮ್ಮಂಥವರಿಗೆ ಇದೇ ಜಾಸ್ತಿ ಕಷ್ಟ, ಅಲ್ವಾ?

ಸುಸ್ತು ಮಾತ್ರ ಇಲ್ಲಿ ಹೆಚ್ಚು. ಗುಂಪು ಚಿಕ್ಕದು, ಆದರೆ ಒಬ್ಬ ಸಿಟ್ಟಾಗಿ ಹೊರಟರೆ ಇಡೀ ದಿನದ ಯೋಜನೆ ತಲೆಕೆಳಗಾಗುತ್ತದೆ. ಒಂದೇ ವಿಷಯವನ್ನು ಆಳವಾಗಿ ಕಲಿಸುವ ಆಸೆ ಇದ್ದರೆ ಶಾಲೆಯೇ ಸರಿ. ಮಕ್ಕಳು ಯಾಕೆ ಪಾಠದಿಂದ ದೂರ ಹೋಗುತ್ತಾರೆ ಎಂಬುದು ಕಾಡುತ್ತಿದ್ದರೆ, ನನ್ನ ಓಟು ಬಯಲಿಗೆ.

ಒಪ್ಪುವ ಮೊದಲು ಎರಡು ಕೇಳಿ: ಬಯಲಲ್ಲಿ ಕಳೆದ ಗಂಟೆಗಳನ್ನು ನಿಮ್ಮ ಕಾಲೇಜು ತರಬೇತಿಯ ಲೆಕ್ಕಕ್ಕೆ ಹಿಡಿಯುತ್ತದೆಯೇ? ಹಗ್ಗ, ನೀರಿನ ಹತ್ತಿರ ತರಬೇತಾದವರು ಸದಾ ಜೊತೆಗಿರುತ್ತಾರೆಯೇ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಹೋಗಬೇಡಿ.