ಕ್ಯಾಂಪರ್ ವ್ಯಾನಿನ ಹೊಸ ಸ್ಟೀರಿಯೊ: ಎರಡು ವರ್ಷ ಬಳಸಿದ ಮೇಲೆ

ನಮ್ಮ ಟೆಂಪೊ ಟ್ರಾವೆಲರನ್ನು ಓಡಾಡುವ ಮನೆಯಾಗಿ ಮಾರ್ಪಡಿಸಿದವರು ಹಿಂದಿನ ಮಾಲೀಕರು. ಅವರು ಪ್ಲೈವುಡ್ ಕಪಾಟಿನೊಳಗೆ ಕೂರಿಸಿದ್ದ ಡಿವಿಡಿ ಸ್ಟೀರಿಯೊ ನಮ್ಮ ಕೈಗೆ ಬರುವ ಹೊತ್ತಿಗೆ ಡಿಸ್ಕ್ ಓದುವುದನ್ನೇ ಬಿಟ್ಟಿತ್ತು. ಬ್ಲೂಟೂತ್ ಅದರಲ್ಲಿ ಮೊದಲಿನಿಂದಲೂ ಇರಲಿಲ್ಲ. ಎಲ್ಲ ಸೇರಿ 12 ಸಾವಿರ ರೂಪಾಯಿ ದಾಟಬಾರದೆಂಬ ಲೆಕ್ಕದಲ್ಲಿ ದಾವಣಗೆರೆಯ ಅಂಗಡಿಯೊಂದರಲ್ಲಿ ಹೊಸ ಸೆಟ್ಟನ್ನೂ ಚಾವಣಿಗೆ ನಾಲ್ಕು ಸ್ಪೀಕರುಗಳನ್ನೂ ಹಾಕಿಸಿದೆವು. ಹಳೆಯದು 100 ಮಿಲಿಮೀಟರ್ ಎತ್ತರದ ಡಬಲ್ ಡಿನ್ (ಡಿನ್ ಎಂದರೆ ವಾಹನದ ಸ್ಟೀರಿಯೊಗಳ ನಿಗದಿತ ಅಳತೆ), ಹೊಸದು 50 ಮಿಲಿಮೀಟರಿನ ಸಿಂಗಲ್ ಡಿನ್. ಉಳಿದ ಕಿಂಡಿಯನ್ನು ಬಡಗಿ ಮುಚ್ಚಿಬಿಡದೆ, ತಳಕ್ಕೆ ಮೆತ್ತನೆಯ ಬಟ್ಟೆ ಅಂಟಿಸಿ ಮೊಬೈಲ್ ಇಡುವ ಗೂಡು ಮಾಡಿಕೊಟ್ಟರು. ನಮ್ಮ ಮನೆಯವರ ಕನ್ನಡಕವೂ ಈಗ ಅಲ್ಲಿಯೇ ಇರುತ್ತದೆ.

ಬ್ಲೂಟೂತ್, ಯುಎಸ್‌ಬಿ ಎರಡೂ ಚೆನ್ನಾಗಿವೆ. ಪೆಟ್ಟಿಗೆಯ ಮೇಲೆ ಬರೆದ 50 ವ್ಯಾಟ್ ಗರಿಷ್ಠ ಲೆಕ್ಕವಷ್ಟೇ ಆದರೂ ಅಷ್ಟು ಸಣ್ಣ ಜಾಗಕ್ಕೆ ಧ್ವನಿ ಧಾರಾಳವಾಗಿದೆ. ಆದರೆ ನಾವು ಸ್ಟೀರಿಯೊ ಬದಲಿಸಿದ್ದು ಮುಖ್ಯವಾಗಿ ರೇಡಿಯೊಗಾಗಿ, ಮತ್ತು ನಮ್ಮನ್ನು ತಿಂಗಳುಗಟ್ಟಲೆ ಕಾಡಿಸಿದ್ದೂ ಅದೇ. ಚಿತ್ರದುರ್ಗದ ಆಕಾಶವಾಣಿ ಎಫ್‌ಎಂ 102.6ರಲ್ಲಿದೆ, ಈ ಸೆಟ್ 102.5ರಿಂದ ನೇರವಾಗಿ 102.7ಕ್ಕೆ ಜಿಗಿಯುತ್ತಿತ್ತು, ಎರಡರಲ್ಲೂ ಮಾತು ಒಡೆದು ಕೇಳುತ್ತಿತ್ತು. ಎಎಂನಲ್ಲಿ, ಅಂದರೆ ಮೀಡಿಯಂ ವೇವಿನಲ್ಲಿ, ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್ ಹುಡುಕಿದರೆ 670 ಆದ ಮೇಲೆ 680 ಬರುತ್ತಿತ್ತು. ಅಂಗಡಿಯವರು ಪ್ರತಿ ಸಲವೂ ಸಿಗ್ನಲ್ ವೀಕ್ ಎಂದು ಹೇಳಿ, ಹೊಸ ಆಂಟೆನಾವನ್ನೂ ನಮ್ಮ ತಲೆಗೆ ಕಟ್ಟಿದರು. ಚಿತ್ರದುರ್ಗ ಊರೊಳಗೆ ನಿಂತು ಚಿತ್ರದುರ್ಗ ಕೇಂದ್ರ ಕೇಳಿಸದಿದ್ದರೆ ಅದು ಸಿಗ್ನಲ್ಲಿನ ತೊಂದರೆ ಹೇಗಾದೀತು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಚಿತ್ರದುರ್ಗದ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಂದ. ಸೆಟ್ಟನ್ನು ಒಂದು ಕ್ಷಣ ನೋಡಿದವರೇ, "ಸ್ಟೇಷನ್ ಎಲ್ಲೂ ಹೋಗಿಲ್ರೀ ಸರ್, ಇದು ಅಮೆರಿಕದ ಲೆಕ್ಕದಾಗ ಐತಿ" ಎಂದರು. ಅಲ್ಲಿ ಎಫ್‌ಎಂ ಕೇಂದ್ರಗಳು 0.2 ಮೆಗಾಹರ್ಟ್ಸ್ ಅಂತರದಲ್ಲಿ, ದಶಾಂಶದ ಬೆಸ ಅಂಕಿಗಳ ಮೇಲೆ ನಿಲ್ಲುತ್ತವೆ. ಎಎಂ ಕೇಂದ್ರಗಳ ಅಂತರ 10 ಕಿಲೊಹರ್ಟ್ಸ್. ನಮ್ಮಲ್ಲಿ ಎಎಂಗೆ 9 ಕಿಲೊಹರ್ಟ್ಸ್ ಲೆಕ್ಕ. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765 ಎಲ್ಲವೂ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳೇ. ಮೆನುವಿನಲ್ಲಿ ಟ್ಯೂನರಿನ ಪ್ರದೇಶವನ್ನು ಬದಲಿಸುತ್ತಲೇ 102.6 ಎಂಬ ಅಂಕಿ ತೆರೆಯ ಮೇಲೆ ಮೂಡಿ, ಕೃಷಿ ಕಾರ್ಯಕ್ರಮದ ಮಾತು ಒಂದಿಷ್ಟೂ ಒಡೆಯದೆ ಕೇಳಿತು.

ಅವರು ಇನ್ನೊಂದು ಕೆಲಸವನ್ನೂ ಸರಿಪಡಿಸಿದರು. ಅಂಗಡಿಯವರು ಮಾಮೂಲಿ ಕಾರಿನಂತೆ ತಂತಿ ಎಳೆದಿದ್ದರಿಂದ ವ್ಯಾನಿನ ಕೀ ತಿರುಗಿಸದೆ ಹಾಡು ಬರುತ್ತಿರಲಿಲ್ಲ, ನಿಂತಲ್ಲಿ ಕೇಳಿದರೆ ಎಂಜಿನ್ನಿನ ಬ್ಯಾಟರಿಯೇ ಇಳಿಯುತ್ತಿತ್ತು. ಈಗ ಸೆಟ್ಟನ್ನು ಆನ್ ಮಾಡಿಸುವ ಕೆಂಪು ತಂತಿ ಒಳಮನೆಯ ಬ್ಯಾಟರಿಗೆ, ಪ್ರತ್ಯೇಕ ಸ್ವಿಚ್ಚಿನ ಮೂಲಕ ಸೇರಿದೆ. ಸ್ಟೇಷನ್‌ಗಳನ್ನು ನೆನಪಿಟ್ಟುಕೊಳ್ಳುವ ಹಳದಿ ತಂತಿ ಫ್ಯೂಸಿನೊಂದಿಗೆ ಅದೇ ಬ್ಯಾಟರಿಗೆ ನೇರವಾಗಿ ಹೋಗಿದೆ. ಸೆಟ್ ಆರಿಸಿದ್ದಾಗ ಅದು ಎಳೆಯುವ ವಿದ್ಯುತ್ ಅತ್ಯಲ್ಪವಾದ್ದರಿಂದ ವಾರಗಟ್ಟಲೆ ವ್ಯಾನ್ ನಿಲ್ಲಿಸಿದರೂ ಚಿಂತೆಯಿಲ್ಲ.

ಶಾಂತಿಸಾಗರ ಕೆರೆಯ ಕಡೆ ತಂಗಿದಾಗ ಬೆಳಗ್ಗೆ ಮೊದಲು ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತೇವೆ, ಆಮೇಲೆ ಚಾವಣಿಯ ಎಲ್‌ಇಡಿ ಪಟ್ಟಿಯನ್ನು ಆರಿಸುತ್ತೇವೆ. ಅದು ಉರಿಯುತ್ತಿರುವವರೆಗೆ ಎಎಂನಲ್ಲಿ ಜುಂಯ್ ಎಂಬ ಸದ್ದು ತಪ್ಪುವುದಿಲ್ಲ. ಆರಿಸಿದರೆ ಭದ್ರಾವತಿ ತಿಳಿಯಾಗಿ ಬರುತ್ತದೆ. 7.05ರ ಪ್ರದೇಶ ಸಮಾಚಾರ ಮುಗಿಯುವವರೆಗೆ ಮೊಬೈಲ್ ಗೂಡಿನಲ್ಲಿಯೇ ಇರಬೇಕೆಂಬುದು ಮನೆಯವರ ನಿಯಮ. ಈ ಸುಖಕ್ಕಾಗಿಯೇ ನಾನು ಸೆಟ್ಟಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ತೆರೆಯ ನೀಲಿ ಬೆಳಕಿನದು, ರಾತ್ರಿ ಅದನ್ನು ಎಷ್ಟು ತಗ್ಗಿಸಿದರೂ ಮಲಗುವ ಜಾಗದವರೆಗೆ ಬರುತ್ತದೆ. ಅಂಗಡಿಗೆ ಮಾತ್ರ ನನ್ನ ಬಳಿ ಅಂಕವಿಲ್ಲ. ಈ ಭಾಗದಲ್ಲಿ ಸ್ಟೀರಿಯೊ ಹಾಕಿಸುವವರು ದುಡ್ಡು ಎಣಿಸುವ ಮೊದಲು 102.6 ಮತ್ತು 675 ಎರಡನ್ನೂ ತಮ್ಮೆದುರಿಗೇ ಹಚ್ಚಿ ತೋರಿಸಲು ಹೇಳಬೇಕು.