ಅಲ್ಲಾಡದ ಟೆಂಪರೇಚರ್ ಮುಳ್ಳನ್ನು ನಂಬಬೇಡಿ

ಹಳೇ ಪಿಕಪ್ ಇಟ್ಟುಕೊಂಡವರು, ಅದರಲ್ಲೂ ಬ್ಯಾಸಿಗ್ಯಾಗ ಲೋಡ್ ಹೊಡೆಯುವವರು ಇದನ್ನು ಓದಿ. ಮೀಟರ್ ರಿಪೇರಿಗೆ ಬಿಟ್ಟ ಗಾಡಿ ವಾಪಸ್ ಬಂದಾಗ ಟೆಂಪರೇಚರ್ ಮುಳ್ಳು ಸರಿಯಾಗಿ ಅರ್ಧಕ್ಕೆ ನಿಂತಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಬರೀ ಚಾವಿ ಆನ್ ಮಾಡಿ ನೋಡಿ. ಮುಳ್ಳು ಕೆಳಗೇ ಇರಬೇಕು. ಆಗಲೂ ಅರ್ಧದಲ್ಲಿದ್ದರೆ ಗಾಡಿ ರಸ್ತೆಗೆ ಇಳಿಸಬೇಡಿ.

ನಮ್ಮಣ್ಣನ ಗಾಡಿ ಇಂಡಿ ಕಡೆಯಿಂದ ವಿಜಯಪುರಕ್ಕೆ ನಿಂಬೆಹಣ್ಣು ಹೊಡೆಯುತ್ತದೆ. ಹೆಡ್‌ಲೈಟ್ ಹಾಕಿದರೆ ಸಾಕು, ಟೆಂಪರೇಚರ್ ಮುಳ್ಳು, ಡೀಸೆಲ್ ಮುಳ್ಳು ಎರಡೂ ಕೂಡಿಯೇ ಕುಣಿಯುತ್ತಿದ್ದವು. ಕೆಲಸ ಬಲ್ಲವನಿಗೆ ಇಷ್ಟು ಹೇಳಿದರೇ ಗೊತ್ತಾಗಬೇಕು: ಎರಡು ಸೆನ್ಸರ್ ಒಮ್ಮೆಲೇ ಕೆಡುವುದು ಅಪರೂಪ, ಮೊದಲು ನೋಡಬೇಕಾದ್ದು ಎರಡಕ್ಕೂ ಸೇರಿದ ಅರ್ಥ್, ಅಂದರೆ ಕರೆಂಟ್ ವಾಪಸ್ ಗಾಡಿಯ ಕಬ್ಬಿಣದ ಮೈಗೆ ಹೋಗುವ ವೈರ್. ಆದರೆ ರಿಪೇರಿಗೆ ಬಿಟ್ಟ ಮಿಸ್ತ್ರಿ ಮೀಟರ್ ಬೋರ್ಡ್ ಬಿಚ್ಚಿ, ಅರ್ಧ ದಿನ ಏನೇನೋ ಕೆದಕಿ, ಸಂಜೆಗೆ ಗಾಡಿ ಕೊಟ್ಟ. "ನೋಡ್ರಿ ಅಣ್ಣಾರ, ಮುಳ್ಳು ಹೆಂಗ ಗಟ್ಟಿ ನಿಂತೈತಿ. ಡೀಸೆಲ್‌ದು ಟ್ಯಾಂಕಿನ ಫ್ಲೋಟ್ ಹೋಗೇತಿ, ಮುಂದಿನ ಸಲ ಮಾಡೂಣು." ಫ್ಲೋಟ್ ಅಂದರೆ ಟ್ಯಾಂಕಿನಲ್ಲಿ ತೇಲುತ್ತ ಡೀಸೆಲ್ ಎಷ್ಟಿದೆ ಎಂದು ಮುಳ್ಳಿಗೆ ತಿಳಿಸುವ ಬುರುಡೆ.

ಏಪ್ರಿಲ್ ಬಿಸಿಲು, ಪೂರ್ತಿ ಲೋಡು. ನಾಗಠಾಣ ದಾಟುವಷ್ಟರಲ್ಲಿ ಗಾಡಿ ಎಳೆಯುವುದು ಬಿಟ್ಟಿತು, ಬಾನೆಟ್ ಸಂದಿಯಿಂದ ಹಬೆ. ಪೈಪ್ ಸೀಳಿ ರೇಡಿಯೇಟರ್ ನೀರೆಲ್ಲ ಖಾಲಿಯಾಗಿತ್ತು. ಮುಳ್ಳು ಮಾತ್ರ ಅರ್ಧದಲ್ಲೇ ನಿಂತಿತ್ತು. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿಗೂ ಅದರ ಮೇಲ್ಮುಚ್ಚಳವಾದ ಹೆಡ್‌ಗೂ ನಡುವಿನ ಸೀಲ್) ಹೋಯಿತು, ಹೆಡ್ ಬಾಗಿತ್ತು. ನಿಂಬೆ ಬೇರೆ ಗಾಡಿಗೆ ಹೇರಿದ ಬಾಡಿಗೆ ಬೇರೆ.

ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಂದು ಸೆನ್ಸರಿನ ವೈರ್ ಕಿತ್ತು ಹಿಡಿದ. ಇಂಥ ಹಳೇ ಗಾಡಿಗಳ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟ್ ತಡೆಯುವ ಗುಣ) ಇಳಿಯುತ್ತದೆ, ಮುಳ್ಳು ಏರುತ್ತದೆ. ವೈರ್ ಕಿತ್ತರೆ ಮುಳ್ಳು ಕೆಳಗೆ ಬೀಳಲೇಬೇಕು. ನಮ್ಮದು ಬೀಳಲಿಲ್ಲ. ಬೋರ್ಡ್ ಬಿಚ್ಚಿದರೆ ಮೊದಲಿನ ಮಿಸ್ತ್ರಿ ಸೆನ್ಸರಿನಿಂದ ಬರುವ ವೈರನ್ನು ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ದ. ಅದರ ಜಾಗದಲ್ಲಿ ಒಂದು ರೆಸಿಸ್ಟರ್ (ಕರೆಂಟನ್ನು ಯಾವಾಗಲೂ ಒಂದೇ ಸಮ ತಡೆಯುವ ಚಿಕ್ಕ ತುಂಡು) ಬೆಸೆದು ಮೀಟರಿನದೇ ಅರ್ಥ್‌ಗೆ ಕೊಟ್ಟಿದ್ದ. ಮುಳ್ಳು ಇಂಜಿನ್ನಿನ ಬಿಸಿ ತೋರಿಸುತ್ತಲೇ ಇರಲಿಲ್ಲ, ಆ ರೆಸಿಸ್ಟರನ್ನು ತೋರಿಸುತ್ತಿತ್ತು. ಜ್ವರ ಬಂದವನ ಕೈಗೆ 98ಕ್ಕೆ ಗೆರೆ ಎಳೆದ ಥರ್ಮಾಮೀಟರ್ ಕೊಟ್ಟ ಹಾಗೆ. ಮೀಟರ್ ಪೂರ್ತಿ ಸತ್ತಿದ್ದರೂ ಪರವಾಗಿರಲಿಲ್ಲ, ಅಣ್ಣ ಬಾನೆಟ್ ಎತ್ತಿ ನೋಡುತ್ತಿದ್ದ.

ಕೇಳಲು ಹೋದರೆ ಮಿಸ್ತ್ರಿ ತಣ್ಣಗೆ, "ಮುಳ್ಳು ಕುಣೀತೈತಿ ಅಂದಿದ್ರಿ, ಕುಣಿಯೂದು ನಿಲ್ಲಿಸಿ ಕೊಟ್ಟೇನಿ" ಅಂದ!

ನಿಜವಾದ ರೋಗ ಏನಿತ್ತು ಗೊತ್ತೇ? ಮೀಟರ್ ಬೋರ್ಡಿನ ಅರ್ಥ್ ವೈರಿನ ಥಿಂಬಲ್ (ವೈರಿನ ತುದಿಯ ಲೋಹದ ಬಳೆ) ಬೋಲ್ಟಿನಡಿ ತುಕ್ಕು ಹಿಡಿದಿತ್ತು. ಪಾಲಿಶ್ ಪೇಪರಿನಿಂದ ತಿಕ್ಕಿ ಬಿಗಿ ಮಾಡಿದ ಮೇಲೆ ಡೀಸೆಲ್ ಮುಳ್ಳೂ ಸುಮ್ಮನಾಯಿತು. ಫ್ಲೋಟಿಗೆ ಏನೂ ಆಗಿರಲಿಲ್ಲ.

ಹೊಸ ಗಾಡಿಗಳಲ್ಲಿ ಇಂಜಿನ್ ಬಿಸಿಯಾದ ಮೇಲೆ ಮುಳ್ಳು ನಡುವೆ ನಿಲ್ಲುವುದು ಸಹಜ, ಅದನ್ನು ನೋಡಿ ಗಾಬರಿ ಬೇಡ. ತಣ್ಣಗಿರುವಾಗ ಎಲ್ಲಿದೆ ಅನ್ನುವುದೇ ಪರೀಕ್ಷೆ. ಕಂಪ್ಯೂಟರ್ ಇರುವ ಗಾಡಿಯಲ್ಲಿ ವೈರ್ ಕೀಳಲು ಹೋಗಬೇಡಿ.

ಇನ್ನೊಂದು ಮಾತು. ಅದೇ ಗಾಡಿಯಲ್ಲಿ ಆ ಮಿಸ್ತ್ರಿ ಹೆಡ್‌ಲೈಟಿನ 15 ಆಂಪಿಯರ್ ನೀಲಿ ಫ್ಯೂಸ್ ಇರಬೇಕಾದಲ್ಲಿ ತಾಮ್ರದ ಎಳೆ ತಿರುವಿ ಸಿಗಿಸಿದ್ದ. 55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್ ಸಾಕು. ಎಲ್ಲೋ ಶಾರ್ಟ್ ಆದರೆ ಫ್ಯೂಸ್ ಹಾರಬೇಕು, ತಾಮ್ರದ ಎಳೆ ಹಾರುವ ಮೊದಲು ವೈರಿಂಗೇ ಸುಡುತ್ತದೆ. ನಮ್ಮದರಲ್ಲಿ ವೈರಿನ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಗಾಡಿ ಬಿಡಿಸಿಕೊಳ್ಳುವ ಮೊದಲು ಮಿಸ್ತ್ರಿ ಎದುರಿಗೇ ಫ್ಯೂಸ್ ಬಾಕ್ಸ್ ತೆಗೆಸಿ: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಮುಚ್ಚಳದ ಮೇಲೆ ಬರೆದ ಅಂಕಿಗೆ ಒಂದೊಂದಾಗಿ ತಾಳೆ ನೋಡಿ, ಆಮೇಲೆ ದುಡ್ಡು ಎಣಿಸಿ.