ಎಂಟಡಿಯ ಸ್ಲೈಡಿಂಗ್ ಬಾಗಿಲಿಗೆ ಯಾವ ಹಲಗೆ? ಐದನ್ನು ಪಕ್ಕಪಕ್ಕ ಇಟ್ಟಾಗ

ವಾರ್ಡ್‌ರೋಬಿನ ಸ್ಲೈಡಿಂಗ್ ಬಾಗಿಲು, ಎತ್ತರ 2400 ಮಿ.ಮೀ., ಅಗಲ 900. ಹಲಗೆಯ ನಿಜವಾದ ಬಂಡವಾಳ ಗೊತ್ತಾಗುವುದು ಈ ಅಳತೆಯಲ್ಲೇ. ಭಾರ ಹೆಚ್ಚಾದರೆ ಕೆಳಗಿನ ಗಾಲಿ ಬೇಗ ಸವೆಯುತ್ತದೆ. ಬಿಗುವು ಸಾಲದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಬಿಲ್ಲಿನಂತೆ ಬಾಗಿ ಪಕ್ಕದ ಬಾಗಿಲಿಗೆ ಉಜ್ಜುತ್ತದೆ.

ಹೋಲಿಕೆಗೆ ಇಟ್ಟುಕೊಂಡದ್ದು 19 ಮಿ.ಮೀ. ಪ್ಲೈವುಡ್, 19 ಮಿ.ಮೀ. ಬ್ಲಾಕ್‌ಬೋರ್ಡ್ (ಒಳಗೆ ಮರದ ರೀಪುಗಳನ್ನು ಸಾಲಾಗಿ ಜೋಡಿಸಿದ ಹಲಗೆ), ಜೊತೆಗೆ ಎರಡು 4 ಮಿ.ಮೀ. ಪ್ಲೈ ಹಾಳೆಗಳ ನಡುವೆ 25 ಮಿ.ಮೀ. ಕೋರ್ ಹಾಕಿ ನಾವೇ ಅಂಟಿಸಿದ ಮೂರು ಬಗೆ. ಒಂದರ ಹೊಟ್ಟೆಯಲ್ಲಿ ರೀಪಿನ ಜಾಲ, ಅಂದರೆ ಟಾರ್ಷನ್ ಬಾಕ್ಸ್. ಇನ್ನೊಂದರಲ್ಲಿ ಕಾಗದದ ಜೇನುಗೂಡು. ಮೂರನೆಯದರಲ್ಲಿ ಎಕ್ಸ್‌ಪಿಎಸ್ ಫೋಮ್, ಅಂದರೆ ಪಾಲಿಸ್ಟೈರೀನಿನ ಗಟ್ಟಿ ಹಲಗೆ. ಮೂರಕ್ಕೂ ಸುತ್ತ 50 ಮಿ.ಮೀ. ಅಗಲದ ಮರದ ಫ್ರೇಮ್ ಇದೆ.

ಮೊದಲು ತೂಕ. ಪ್ಲೈ ಘನ ಮೀಟರಿಗೆ 650 ಕಿಲೋ, ಬ್ಲಾಕ್‌ಬೋರ್ಡ್ 500, ಒಣಗಿದ ಹಗುರ ಮರ 450 ಎಂದು ಹಿಡಿದರೆ ಬಾಗಿಲೊಂದಕ್ಕೆ ಪ್ಲೈ ಸುಮಾರು 27 ಕಿಲೋ, ಬ್ಲಾಕ್‌ಬೋರ್ಡ್ 20ರಿಂದ 21, ಟಾರ್ಷನ್ ಬಾಕ್ಸ್ 19, ಜೇನುಗೂಡು ಮತ್ತು ಫೋಮ್ ತಲಾ 17 ಬರುತ್ತದೆ. ಫೋಮ್ ಅಂದರೆ ಗಾಳಿಯಷ್ಟು ಹಗುರ ಅಂದುಕೊಂಡವರಿಗೆ ಇದು ನಿರಾಸೆಯೇ. ಆದರೆ 17ರಲ್ಲಿ 11 ಕಿಲೋ ಬರೀ ಎರಡು ಪ್ಲೈ ಹಾಳೆಗಳದು, ಇನ್ನು ಸುಮಾರು ಮೂರೂವರೆ ಫ್ರೇಮಿನದು. ಕೋರ್ ಬದಲಿಸಿದರೆ ಏರುಪೇರಾಗುವುದು ಎರಡು ಕಿಲೋ ಅಷ್ಟೆ.

ಬಿಗುವಿನ ಲೆಕ್ಕ ಹಾಕಿದರೆ ಚಿತ್ರವೇ ಬೇರೆ. ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 19ರ ಘನ 6859. ಒಟ್ಟು 33 ಮಿ.ಮೀ. ದಪ್ಪದ ಟೊಳ್ಳು ಹಲಗೆಗೆ 33ರ ಘನದಲ್ಲಿ 25ರ ಘನ ಕಳೆದರೆ 20312. ಹೆಚ್ಚುಕಡಿಮೆ ಮೂರು ಪಟ್ಟು. ಫೋಮ್ ಒಳಗೇ ತುಸು ಜರುಗುವುದರಿಂದ ಅದರಲ್ಲಿ ಈ ಲಾಭದ ಒಂದು ಪಾಲು ಸೋರಿಹೋಗುತ್ತದೆ. ಹಾಗಿದ್ದರೂ ಪ್ಲೈಗಿಂತ ಬಹಳ ಮುಂದೆ. 4 ಮಿ.ಮೀ. ಪ್ಲೈನ ಮೂರು ಪದರಗಳಲ್ಲಿ ಹೊರಗಿನ ಎರಡರ ಎಳೆ ಒಂದೇ ದಿಕ್ಕಿಗಿರುತ್ತದೆ. ಆ ಎಳೆ ಎರಡೂ ಹಾಳೆಯಲ್ಲಿ ಬಾಗಿಲಿನ ಉದ್ದಕ್ಕೇ ಬರಬೇಕು. ಅಡ್ಡ ಹಾಕಿದರೆ ಮೇಲಿನ ಲೆಕ್ಕ ಮರೆತುಬಿಡಿ.

ಪ್ಲೈ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎಲ್ಲಿ ಬೇಕಾದರೂ ಸ್ಕ್ರೂ ಹಿಡಿಯುತ್ತದೆ, ಎಲ್ಲಿ ಬೇಕಾದರೂ ಕತ್ತರಿಸಬಹುದು, ಐಎಸ್ 710 ದರ್ಜೆಯ, ಅಂದರೆ ನೀರು ತಾಳುವ ಮರೀನ್ ಪ್ಲೈ ಆದರೆ ಸಿಂಕ್ ಪಕ್ಕಕ್ಕೂ ಸರಿ. ಉದ್ದದ ಬಾಗಿಲಿಗೆ ಮಾತ್ರ ಬೇಡ. ಬ್ಲಾಕ್‌ಬೋರ್ಡಿನಲ್ಲಿ ಒಳಗಿನ ರೀಪುಗಳು ಎಂಟಡಿ ಉದ್ದಕ್ಕೆ ಓಡುತ್ತವೆ, ಹಾಗಾಗಿ ಬಾಗಿಲಿಗೆ ಪ್ಲೈಗಿಂತ ಒಳ್ಳೆಯದು. ಅದೇ ಹಾಳೆಯಿಂದ ಅಡ್ಡಡ್ಡ ಕತ್ತರಿಸಿ ಶೆಲ್ಫ್ ಮಾಡಿದರೆ ರೀಪಿನ ಸಂದಿಯಲ್ಲೇ ಮುರಿಯಬಹುದು. ಕೊಳ್ಳುವಾಗ ಕತ್ತರಿಸಿದ ಅಂಚನ್ನು ನೋಡಿ: ರೀಪುಗಳ ನಡುವೆ ಐದು ರೂಪಾಯಿ ನಾಣ್ಯ ತೂರುವಂತಿದ್ದರೆ ಆ ಹಾಳೆ ಬಿಟ್ಟುಬಿಡಿ. ಸ್ಕ್ರೂ ಆ ಸಂದಿಗೇ ಬಿದ್ದರೆ ಹಿಡಿತವೇ ಇರದು.

ಟಾರ್ಷನ್ ಬಾಕ್ಸ್ ಊರಿನ ಯಾವ ಮರಗೆಲಸದವರೂ ಮಾಡಬಲ್ಲದ್ದು. 12 ಮಿ.ಮೀ. ದಪ್ಪ, 25 ಮಿ.ಮೀ. ಎತ್ತರದ ರೀಪು ಸಾಕು, 150 ಮಿ.ಮೀ.ಗೊಂದು ಚೌಕ. ಹೆಬ್ಬೇವು ಒಳ್ಳೆಯದು. ಕಾಫಿ ತೋಟದ ಸಿಲ್ವರ್ ಓಕ್ ಆದೀತು, ಆದರೆ ತುಸು ಭಾರ, ಚೆನ್ನಾಗಿ ಒಣಗಿರದಿದ್ದರೆ ತಿರುಚಿಕೊಳ್ಳುತ್ತದೆ. ತೇವಾಂಶ ಶೇ. 12 ದಾಟಬಾರದು. ಉದ್ದದ ರೀಪು ಅಖಂಡವಾಗಿರಲಿ, ಅಡ್ಡ ರೀಪುಗಳನ್ನು ತುಂಡು ಮಾಡಿ ನಡುವೆ ಕೂರಿಸಿ ಸ್ಟೇಪಲ್ ಹೊಡೆದರೆ ಆಯಿತು. ಅಡ್ಡ ಜೋಡಣೆಯಲ್ಲಿ ಕಚ್ಚು ಕೊಡುತ್ತ ಕೂರುವ ಅಗತ್ಯವಿಲ್ಲ, ಬಲ ಹೊರುವುದು ಹಾಳೆ ಮತ್ತು ಅಂಟು. ಆದರೆ ಫ್ರೇಮ್ ಮತ್ತು ಎಲ್ಲ ರೀಪುಗಳನ್ನೂ ಪ್ಲೇನರಿನ ಒಂದೇ ಸೆಟ್ಟಿಂಗಿನಲ್ಲಿ ಹಾಯಿಸಬೇಕು. ಒಂದು ರೀಪು ಅರ್ಧ ಮಿ.ಮೀ. ಎತ್ತರವಿದ್ದರೂ ಹೊಳಪಿನ ಲ್ಯಾಮಿನೇಟ್ ಮೇಲೆ ಸಂಜೆಯ ಓರೆ ಬೆಳಕು ಬಿದ್ದಾಗ ಗೆರೆ ಎದ್ದು ಕಾಣುತ್ತದೆ. ಚೌಕವನ್ನು 250ಕ್ಕೆ ಹಿಗ್ಗಿಸಿದರೆ ಇನ್ನೊಂದು ಕಾಟ: ರೀಪುಗಳ ನಡುವೆ ಹಾಳೆ ಒಳಸರಿದು ದಿಂಬಿನ ಸಾಲಿನಂತೆ ಕಾಣುತ್ತದೆ.

ಜೇನುಗೂಡನ್ನು ಮಡಿಸಿದ ಸ್ಥಿತಿಯಲ್ಲಿ ಕೊಡುತ್ತಾರೆ. ಪೂರ್ತಿ ಎಳೆದು ಫ್ರೇಮಿಗೆ ಸ್ಟೇಪಲ್ ಮಾಡಬೇಕು. ಕಾಗದದ ಅಂಚು ಮಾತ್ರ ಹಾಳೆಗೆ ತಾಗುವುದರಿಂದ ಅಂಟನ್ನು ಹಾಳೆಗೆ ರೋಲರಿನಲ್ಲಿ ಧಾರಾಳವಾಗಿ ಹಚ್ಚಿ, ಚದರ ಮೀಟರಿಗೆ 200 ಗ್ರಾಂನಷ್ಟು. ನೀರು ಬೆರೆಸಿ ತೆಳು ಮಾಡಿದ ಬಿಳಿ ಅಂಟು ಕಾಗದದ ಬುಡದಲ್ಲಿ ನಿಲ್ಲದೆ ಪ್ಲೈಗೆ ಇಂಗಿಹೋಗುತ್ತದೆ. ಅಂಟಿನ ನೀರಾವಿ ಹೊರಹೋಗಲು ಫ್ರೇಮಿನ ಮೇಲಂಚು, ಕೆಳ ಅಂಚಿನಲ್ಲಿ 6 ಮಿ.ಮೀ. ತೂತುಗಳು ಬೇಕು. ಒಣ ಕೋಣೆಗೆ, ಹತ್ತಾರು ಬಾಗಿಲು ಒಟ್ಟಿಗೆ ಮಾಡುವವರಿಗೆ ಇದು ಸರಿ. ಮಲೆನಾಡಿನ ಮಳೆಗೆ ಗೋಡೆ ಬೆವರುವ ಮನೆಗೆ ಬೇಡವೇ ಬೇಡ. ಕಾಗದ ಮೆತ್ತಗಾದ ಮೇಲೆ ಅಲ್ಲಿ ಬಲ ಅನ್ನುವುದೇನೂ ಉಳಿಯದು.

ಫೋಮಿನಲ್ಲಿ ಕೆಲಸ ಕೆಡುವುದು ಬಹುಪಾಲು ಅಂಟಿನಿಂದ. ಲ್ಯಾಮಿನೇಟಿಗೆ ಬಳಸುವ ರಬ್ಬರ್ ಅಂಟಿನ ದ್ರಾವಕ ಎಕ್ಸ್‌ಪಿಎಸ್ ಅನ್ನು ಕರಗಿಸುತ್ತದೆ: ಹಚ್ಚಿದ ಜಾಗ ನೋಡನೋಡುತ್ತಲೇ ಕುಸಿದು ಗುಂಡಿ ಬೀಳುತ್ತದೆ. ಬಿಳಿ ಅಂಟು ಕರಗಿಸದು, ಆದರೆ ಒಣಗುವುದೂ ಇಲ್ಲ. ಫೋಮ್ ನೀರು ಹೀರದ ಕಾರಣ ನಡುಭಾಗ ದಿನಗಟ್ಟಲೆ ಹಸಿಯಾಗೇ ಇರುತ್ತದೆ. ಬೇಕಾದದ್ದು ಪಿಯು (ಪಾಲಿಯುರೆಥೇನ್) ಅಂಟು ಇಲ್ಲವೇ ಎಪಾಕ್ಸಿ. ಫೋಮಿನ ನಯವಾದ ಮೈಯನ್ನು 80ರ ಉಪ್ಪುಕಾಗದದಲ್ಲಿ ಉಜ್ಜಿ, ಧೂಳು ಒರೆಸಿ, ಪಿಯು ಆದರೆ ಪ್ಲೈ ಕಡೆಗೆ ಸ್ಪ್ರೇಯಿಂದ ನೀರಿನ ಮಂಜು ಹಾಯಿಸಿ. ಆ ಅಂಟು ಗಟ್ಟಿಯಾಗುವುದೇ ತೇವದಿಂದ. ಅದು ನೊರೆಯೆದ್ದು ಹಾಳೆಯನ್ನು ಎತ್ತುವುದರಿಂದ ಮೇಲೊಂದು ದಪ್ಪ ಪ್ಲೈ ಇಟ್ಟು ಕನಿಷ್ಠ ಹತ್ತು ಸಿಮೆಂಟ್ ಮೂಟೆ ಹೇರಿ, ರಾತ್ರಿಯಿಡೀ ಬಿಡಿ. ಇನ್ನೊಂದು ಕ್ರಮ ತಪ್ಪಬಾರದು: ಮೊದಲು ಫೋಮಿನ ದಪ್ಪ ಅಳೆದು, ಆಮೇಲೆ ಫ್ರೇಮನ್ನು ಆ ಅಳತೆಗೆ ಪ್ಲೇನ್ ಮಾಡುವುದು. 25 ಎಂದು ಮಾರುವ ಫೋಮ್ ಸರಿಯಾಗಿ 25 ಇರುತ್ತದೆಂದು ನಂಬಬೇಡಿ. ಫೋಮ್ ಕೂದಲೆಳೆಯಷ್ಟು ಎತ್ತರವಿದ್ದರೆ ಒಳ್ಳೆಯದು, ತಗ್ಗಿದ್ದರೆ ಬೆರಳಿನಿಂದ ತಟ್ಟಿದಾಗ ತಮಟೆಯ ಸದ್ದು. ಒಲೆಯ ಹತ್ತಿರ ಬಳಸಬೇಡಿ. ಇರುವೆಗಳು ಫೋಮನ್ನು ಕೊರೆದು ಗೂಡು ಮಾಡುವುದೂ ಉಂಟು, ಅಂಚನ್ನು ಬಿರುಕಿಲ್ಲದಂತೆ ಮುಚ್ಚಿ.

ಅಂಟಿನ ಮಾತು ಬಂದಾಗ ಎರಡನೇ ಮಹಾಯುದ್ಧದ ಮಸ್ಕಿಟೊ ವಿಮಾನವನ್ನು ನೆನೆಯಬೇಕು. ಅದರ ಒಡಲು ಬಾಲ್ಸಾ ಮರದ ಎರಡೂ ಬದಿಗೆ ಬರ್ಚ್ ಪ್ಲೈ ಅಂಟಿಸಿದ್ದು, ಇದೇ ಸೂತ್ರ. ಮೊದಲು ಹಾಲಿನ ಕೇಸಿನ್ ಅಂಟು ಬಳಸಿ, ಆಮೇಲೆ ತೇವ ತಡೆಯುವ ಕೃತಕ ರಾಳಕ್ಕೆ ಬದಲಾದರು.

ಹೊರಗಿನಿಂದ ತಂದ ಮೊದಲೆರಡನ್ನು ಬಿಟ್ಟರೆ ಉಳಿದ ಮೂರಕ್ಕೂ ಅಂಟಿಸುವ ಮೇಜು ಸಮತಟ್ಟಾಗಿರಲೇಬೇಕು. ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿದು ಕಟ್ಟಿ ನೋಡಿ, ನಡುವೆ ಅವು ಒಂದಕ್ಕೊಂದು ಮುಟ್ಟಿಯೂ ಮುಟ್ಟದಂತಿರಬೇಕು. ಸೊಟ್ಟ ಮೇಜಿನ ಮೇಲೆ ಅಂಟಿಸಿದ ಟಾರ್ಷನ್ ಬಾಕ್ಸ್ ಆ ಸೊಟ್ಟವನ್ನೇ ಶಾಶ್ವತವಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಯಾವ ಕ್ಲ್ಯಾಂಪೂ ಅದನ್ನು ನೇರ ಮಾಡದು. ಲ್ಯಾಮಿನೇಟ್ ಎರಡೂ ಬದಿಗೆ ಒಂದೇ ದಪ್ಪದ್ದಿರಲಿ. ಒಳಬದಿ ಯಾರು ನೋಡುತ್ತಾರೆ ಎಂದು ಬಿಟ್ಟರೆ ಬಾಗಿಲು ಒಂದು ಕಡೆಗೆ ಬಾಗುತ್ತದೆ.

ನನ್ನ ಆಯ್ಕೆ: ಇಂಥ ಬಾಗಿಲು ಒಂದೆರಡೇ ಇದ್ದು, ಪಿಯು ಅಂಟಿನ ಅಭ್ಯಾಸ ಇದ್ದರೆ ಫೋಮ್. ಬಿಳಿ ಅಂಟು, ಸ್ಟೇಪಲ್ ಗನ್ ಮಾತ್ರ ಗೊತ್ತಿರುವ ಕೈಗೆ ಟಾರ್ಷನ್ ಬಾಕ್ಸ್. ಬ್ಲಾಕ್‌ಬೋರ್ಡಿಗಿಂತ ಅದು ಉಳಿಸುವುದು ಒಂದೆರಡು ಕಿಲೋ, ಕೊಡುವುದು ಎಷ್ಟೋ ಹೆಚ್ಚು ಬಿಗುವು. ಏಳಡಿಯೊಳಗಿನ ಹಿಂಜ್ ಬಾಗಿಲಿಗೆ ಬ್ಲಾಕ್‌ಬೋರ್ಡೇ ಸಾಕು, ಇಷ್ಟೆಲ್ಲ ಶ್ರಮ ಬೇಡ. 33 ಮಿ.ಮೀ. ದಪ್ಪಕ್ಕೆ ವಾರ್ಡ್‌ರೋಬಿನ ಸಾಮಾನ್ಯ ಕಪ್ ಹಿಂಜ್ ಹೇಗೂ ಒಗ್ಗುವುದಿಲ್ಲ. ಸ್ಲೈಡಿಂಗ್ ಟ್ರ್ಯಾಕ್ ಆ ದಪ್ಪ ತಾಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಗಾಲಿ ಕೂರುವ ಕೆಳಪಟ್ಟಿಯನ್ನು 100 ಮಿ.ಮೀ. ಅಗಲ ಮಾಡಿ, ಹಿಡಿಕೆ ಮತ್ತು ಬೀಗ ಬರುವ ಕಡೆ ಗಟ್ಟಿ ಮರದ ತುಂಡು ಕೂರಿಸಿ. ಎರಡನೆಯ ಹಾಳೆ ಮುಚ್ಚುವ ಮೊದಲು ಟೇಪ್ ಹಿಡಿದಿಟ್ಟು ಒಂದು ಫೋಟೊ ತೆಗೆದುಕೊಳ್ಳಿ. ಮುಚ್ಚಿದ ಮೇಲೆ ಆ ತುಂಡು ಎಲ್ಲಿತ್ತೆಂದು ತಟ್ಟಿ ತಟ್ಟಿ ಹುಡುಕಬೇಕಾಗುತ್ತದೆ, ಫೋಮಿನಲ್ಲಂತೂ ತಟ್ಟಿದರೂ ಗೊತ್ತಾಗುವುದು ಕಷ್ಟ.